ಹಿಂದಿನ ಸೀಟಿನ ಚರಿತ್ರೆ

ನೆಲಮಂಗಲದ ಟೋಲ್ ದಾಟಿ ಹತ್ತು ನಿಮಿಷ ಕೂಡ ಆಗಿರಲಿಲ್ಲ. ಹಿಂದಿನ ಸೀಟಿನಿಂದ ಪ್ರಶ್ನೆ ಬಂತು.

"ಅಮ್ಮಾ, ಇನ್ನೂ ಎಷ್ಟು ದೂರ?"

ಬೆಂಗಳೂರಿಂದ ಮಂಗಳೂರಿಗೆ ಹೆಚ್ಚುಕಮ್ಮಿ 350 ಕಿಲೋಮೀಟರ್. ನಾವು ಮುಗಿಸಿದ್ದು ನಲವತ್ತು. ಏಳು ವರ್ಷದ ಮಗಳಿಗೆ ಈ ಲೆಕ್ಕ ಒಪ್ಪಿಸಿ ಪ್ರಯೋಜನ ಇಲ್ಲ ಅಂತ "ಇನ್ನೇನು, ಬಂದೇಬಿಡ್ತು" ಅಂದೆ. ಅದು ಸುಳ್ಳು ಅಂತ ಅವಳಿಗೂ ಗೊತ್ತು. ಅವಳು ಟ್ಯಾಬ್ ಕೇಳಿದಳು. ನಾನು ಕೊಟ್ಟೆ. ಇಷ್ಟು ಬೇಗ ಸೋತಿದ್ದಕ್ಕೆ ನಾಚಿಕೆ ಆಯ್ತು ಅಂತೇನೂ ಹೇಳಲ್ಲ. ಡ್ರೈವ್ ಮಾಡುತ್ತಿದ್ದವಳು ನಾನು, ಮುಂದೆ ಕಬ್ಬಿಣದ ಸರಳು ತುಂಬಿದ ಲಾರಿ ಇತ್ತು.

ಪಕ್ಕದ ಸೀಟಲ್ಲಿ ಅಮ್ಮ, ಮಡಿಲಲ್ಲಿ ಕೋಡುಬಳೆ ಡಬ್ಬ. ಹಿಂದೆ ಮಗಳು, ಅವಳ ಪಕ್ಕ ಅಪ್ಪ. ಅಪ್ಪ ಮೂವತ್ತು ವರ್ಷ ಇದೇ ರಸ್ತೆಯಲ್ಲಿ ನಮ್ಮನ್ನು ಕರೆದುಕೊಂಡು ಹೋದವರು. ಹೋದ ವರ್ಷ ಕಣ್ಣಿನ ಡಾಕ್ಟರು "ಇನ್ನು ಹೈವೇ ಸಾಕು" ಅಂದಮೇಲೆ ಮೊದಲ ಸಲ ಹಿಂದಿನ ಸೀಟಿಗೆ ಹೋಗಿದ್ದರು. ನಾನು ಯಾವುದೇ ಗಾಡಿ ಹಿಂದಿಕ್ಕಲು ಹೋದರೂ ಅವರ ಬಲಗಾಲು ನೆಲವನ್ನು ಒತ್ತುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಅಲ್ಲಿ ಬ್ರೇಕ್ ಇಲ್ಲ, ಆದರೂ ಒತ್ತೋದು.

"ಈ ಪ್ರಶ್ನೆ ಪ್ರಪಂಚದಲ್ಲಿ ಮೊದಲು ಕೇಳಿದ್ದು ಯಾರು ಇರಬಹುದು?" ಅಂದೆ, ಸುಮ್ಮನೆ ಮಾತಿಗೆ.

"ಕಾರು ಕಂಡುಹಿಡಿದವನ ಮಗ," ಅಂದರು ಅಪ್ಪ.

ತಮಾಷೆಗೆ ಹೇಳಿದ್ದು. ಆದರೆ ನೋಡಿ, ಅದರಲ್ಲಿ ಸತ್ಯ ಇದೆ.

ಕಾರಿನ ಚರಿತ್ರೆಯಲ್ಲಿ ಮೊಟ್ಟಮೊದಲ ದೂರಪ್ರಯಾಣ ಯಾವುದು ಅಂದರೆ ಎಲ್ಲರೂ ರೇಸು, ಪಂದ್ಯ, ಮೀಸೆ ತಿರುವಿದ ಗಂಡಸರು ಅಂದುಕೊಳ್ಳುತ್ತಾರೆ. ಅಲ್ಲ. ಅದು ಒಬ್ಬ ತಾಯಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಅಜ್ಜಿ ಮನೆಗೆ ಹೋದ ಪ್ರಯಾಣ. 1888ರ ಆಗಸ್ಟ್. ಜರ್ಮನಿಯ ಮಾನ್‌ಹೈಮ್ ಊರು. ಕಾರ್ಲ್ ಬೆಂಜ್ ಮೂರು ಚಕ್ರದ ಮೋಟಾರು ಗಾಡಿ ಮಾಡಿ, ಪೇಟೆಂಟ್ ತಗೊಂಡು, ಕೊಳ್ಳುವವರಿಲ್ಲದೆ ಕೂತಿದ್ದ. ಅವನ ಹೆಂಡತಿ ಬರ್ತಾ ಒಂದು ಬೆಳಗಿನ ಜಾವ, ಗಂಡ ಇನ್ನೂ ಮಲಗಿರುವಾಗಲೇ, ಹದಿನೈದು ವರ್ಷದ ಓಯ್ಗನ್ ಮತ್ತು ಹದಿಮೂರು ವರ್ಷದ ರಿಚರ್ಡ್‌ನನ್ನು ಎಬ್ಬಿಸಿ, ಆ ಗಾಡಿ ಹೊರಡಿಸಿಕೊಂಡು ತನ್ನ ತವರು ಫೋರ್ಟ್ಸ್‌ಹೈಮ್‌ಗೆ ಹೊರಟೇಬಿಟ್ಟಳು. ನೂರು ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ಅಷ್ಟು ದೂರ ಅದಕ್ಕೆ ಮೊದಲು ಯಾವ ಕಾರೂ ಹೋಗಿರಲಿಲ್ಲ.

ದಾರಿಯಲ್ಲಿ ಇಂಧನ ಮುಗೀತು. ಪೆಟ್ರೋಲ್ ಬಂಕು ಅನ್ನೋ ಪದವೇ ಇಲ್ಲದ ಕಾಲ. ವೀಸ್ಲೋಖ್ ಅನ್ನೋ ಊರಿನ ಔಷಧಿ ಅಂಗಡಿಯಲ್ಲಿ ಬಟ್ಟೆ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಕೊಂಡು ಸುರಿದಳು. ಪೈಪು ಕಟ್ಟಿಕೊಂಡಿತು, ಟೋಪಿಯ ಪಿನ್ ತೆಗೆದು ಚುಚ್ಚಿ ಬಿಡಿಸಿದಳು. ತಂತಿಯ ಹೊದಿಕೆ ಹರಿಯಿತು, ಕಾಲುಚೀಲದ ಪಟ್ಟಿ ಸುತ್ತಿದಳು. ಬ್ರೇಕ್ ಸವೆಯಿತು, ಚಮ್ಮಾರನ ಹತ್ತಿರ ಚರ್ಮ ಹೊಡೆಸಿದಳು. ಏರು ಬಂದಾಗಲೆಲ್ಲ ಮಕ್ಕಳು ಇಳಿದು ತಳ್ಳಿದರು. ಸಂಜೆ ಗಂಡನಿಗೆ ತಂತಿ ಕಳಿಸಿದಳು: ತಲುಪಿದೆವು. ಆಮೇಲೆ ಬೆಂಜ್ ಏರು ಹತ್ತಲು ಇನ್ನೊಂದು ಗೇರು ಸೇರಿಸಿದ್ದಕ್ಕೆ ಈ ಪ್ರಯಾಣವೇ ಕಾರಣ ಅಂತಾರೆ. ಅಂದರೆ ಮಕ್ಕಳ ಬೆವರು.

ಆ ಹುಡುಗರಿಗೆ ಬೇಜಾರಾಗಲು ಪುರುಸೊತ್ತೆಲ್ಲಿತ್ತು ಹೇಳಿ! ನನ್ನ ವಾದ ಇಷ್ಟೇ: ಕಾರಿನಲ್ಲಿ ಮಕ್ಕಳಿಗೆ ಬೇಜಾರು ಅನ್ನೋದು ಕಾರು ಕೆಟ್ಟು ನಿಲ್ಲೋದು ಬಿಟ್ಟ ಮೇಲೆ ಬಂದ ಕಾಯಿಲೆ.

ನಮ್ಮಲ್ಲಿ ಕಾರು ಕೆಟ್ಟು ನಿಲ್ಲೋದನ್ನು ಬಹಳ ತಡವಾಗಿ ಬಿಟ್ಟಿತು. ಉತ್ತರಪಾರಾದಲ್ಲಿ 1950ರ ದಶಕದ ಕೊನೆಗೆ ಬ್ರಿಟಿಷರ ಮಾರಿಸ್ ಆಕ್ಸ್‌ಫರ್ಡ್ ಅಚ್ಚಿನಲ್ಲಿ ತಯಾರಾಗಲು ಶುರುವಾದ ಅಂಬಾಸಿಡರ್ 2014ರವರೆಗೂ ಅದೇ ಉಬ್ಬಿದ ಮುಖ ಹೊತ್ತು ಬಂತು. ಅಪ್ಪನದು ಎರಡನೇ ಕೈ ಅಂಬಾಸಿಡರ್. ಬೂದು ಬಣ್ಣ. ಸೋಫಾ ಥರದ ಮುಂದಿನ ಸೀಟು, ಸ್ಟಿಯರಿಂಗ್ ಕಂಬಕ್ಕೇ ಗೇರು. ಹಾಗಾಗಿ ಮುಂದೆ ಅಪ್ಪ-ಅಮ್ಮನ ಮಧ್ಯೆ ಒಂದು ಮಗು ಕೂರಬಹುದಿತ್ತು. ಆ ಜಾಗಕ್ಕೆ ನನಗೂ ತಮ್ಮನಿಗೂ ಆದ ಜಗಳಗಳನ್ನು ಬರೆದರೆ ಅದೇ ಒಂದು ಪುಸ್ತಕ. ಬೆಲ್ಟು ಇಲ್ಲ, ಏನೂ ಇಲ್ಲ. ಈಗ 2019ರ ತಿದ್ದುಪಡಿಯಾದ ಮೇಲೆ ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟೋ ಮಕ್ಕಳ ಸೀಟೋ ಹಾಕದಿದ್ದರೆ 1000 ರೂಪಾಯಿ ದಂಡ. ನಾನು ಖಂಡಿತ ಹಾಕ್ತೀನಿ, ನೀವೂ ಹಾಕಿ. ಆದರೆ ಕಟ್ಟಿ ಕೂರಿಸಿದ ಮಗುವಿಗೆ ಆಟ ಹುಡುಕೋದು ಬೇರೆಯದೇ ಕೆಲಸ. ನಾವು ಹಿಂದಿನ ಸೀಟಲ್ಲಿ ಮಂಡಿಯೂರಿ, ಹಿಂದಿನ ಗಾಜಿಗೆ ಮೂಗು ಒತ್ತಿ, ಬರುವ ಲಾರಿಯವರಿಗೆಲ್ಲ ಟಾಟಾ ಮಾಡುತ್ತಿದ್ವಿ. ಅರ್ಧ ದಾರಿ ಅದರಲ್ಲೇ ಕಳೀತಿತ್ತು.

ಇನ್ನು ಘಾಟಿ. ಸಕಲೇಶಪುರದಿಂದ ಗುಂಡ್ಯಕ್ಕೆ ಇಳಿಯುವಾಗ ಪರವಾಗಿಲ್ಲ. ರಜೆ ಮುಗಿಸಿ ವಾಪಸ್ ಹತ್ತುವಾಗ ಅಂಬಾಸಿಡರ್ ಕುದಿಯುತ್ತಿತ್ತು. ಬಾನೆಟ್ಟಿಂದ ಹಬೆ ಎದ್ದ ತಕ್ಷಣ ನಮಗೆ ಹಬ್ಬ. ತಮ್ಮ ಒಂದು ಕ್ಯಾನು, ನಾನೊಂದು ಕ್ಯಾನು ಹಿಡಿದು ರಸ್ತೆಬದಿಯ ಝರಿಗೆ ಓಟ. ರೇಡಿಯೇಟರಿನ ಮುಚ್ಚಳವನ್ನು ಗೋಣಿತಾಟು ಹಾಕಿ ತಿರುಗಿಸುವ ಅಪ್ಪ ಆ ಹೊತ್ತಿಗೆ ನಮ್ಮ ಪಾಲಿಗೆ ಸರ್ಕಸ್ಸಿನ ಹುಲಿ ಪಳಗಿಸುವವನು. ಬರ್ತಾ ಬೆಂಜ್‌ಳ ಮಕ್ಕಳಿಗೂ ನಮಗೂ ನಡುವೆ ನೂರು ವರ್ಷ ಕಳೆದಿದ್ದರೂ ಕೆಲಸ ಬದಲಾಗಿರಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತಲ್ಲ, ಅದನ್ನು ಕೊಂಡವರ ಮನೆ ಮಕ್ಕಳಿಗೆ ಈ ಭಾಗ್ಯ ತಪ್ಪಿತು. ಅವರು ಕೂತಲ್ಲೇ ಕೂತು ಊರು ತಲುಪಿದರು.

ಅಂಬಾಸಿಡರಿಗೂ ಹಿಂದೆ ಹೋದರೆ ಬಸ್ಸು. ನಮ್ಮ ಅಪ್ಪ-ಅಮ್ಮನ ತಲೆಮಾರಿನ ಹೆಚ್ಚಿನ ಮಕ್ಕಳು ಕಾರಿನ ಹಿಂದಿನ ಸೀಟು ನೋಡಿದವರೇ ಅಲ್ಲ. ಬಸ್ಸಿನಲ್ಲಿ ಮಕ್ಕಳನ್ನು ರಂಜಿಸುವುದು ತಂದೆತಾಯಿಯ ಕೆಲಸ ಅಂತ ಯಾರೂ ಅಂದುಕೊಂಡಿರಲಿಲ್ಲ. ಐವತ್ತು ಜನ ಅಪರಿಚಿತರು, ಒಬ್ಬ ಕಂಡಕ್ಟರು, ಬುಟ್ಟಿಯಲ್ಲಿ ಕೋಳಿ, ನಿಲ್ದಾಣಕ್ಕೊಬ್ಬ ಕಡಲೆಕಾಯಿಯವನು. ಡ್ರೈವರ್ ಪಕ್ಕದ ಎಂಜಿನ್ ಪೆಟ್ಟಿಗೆ ಮೇಲೆ ಜಾಗ ಸಿಕ್ಕರೆ ಅದು ಸಿಂಹಾಸನ, ಕುಂಡೆ ಸುಟ್ಟರೂ ಇಳಿಯುತ್ತಿರಲಿಲ್ಲ ಅಂತ ಅಪ್ಪ ಹೇಳ್ತಾರೆ. ಅದಕ್ಕೂ ಹಿಂದೆ ಎತ್ತಿನ ಗಾಡಿ. ಹುಲ್ಲು ಹಾಸಿ, ಮೇಲೆ ಜಮಖಾನ ಹಾಕಿ, ಅಜ್ಜಿಯ ಒಗಟು ಮತ್ತು ಗುಬ್ಬಕ್ಕ-ಕಾಗಕ್ಕನ ಕತೆ. ಗಾಡಿಯ ವಿಷಯದಲ್ಲಿ ಒಂದು ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ: ಗಾಡಿ ಹೊಡೆಯುವವನು ತೂಕಡಿಸಿದರೂ ಎತ್ತುಗಳಿಗೆ ದಾರಿ ಗೊತ್ತಿರುತ್ತಿತ್ತು.

ಬೆಳ್ಳೂರು ಕ್ರಾಸಿನಲ್ಲಿ ತಿಂಡಿಗೆ ನಿಲ್ಲಿಸಿದೆವು. ಮಗಳು ಇಡ್ಲಿಯನ್ನೂ ಟ್ಯಾಬನ್ನೂ ಒಟ್ಟಿಗೇ ತಿಂದಳು. ಅಪ್ಪ ಏನೋ ಹೇಳಲು ಬಾಯಿ ತೆರೆದು, ಅಮ್ಮನ ಮುಖ ನೋಡಿ ಸುಮ್ಮನಾದರು. ಹೊರಡುವ ಮೊದಲು ಅಮ್ಮ ಎರಡು ಸಲ ಒತ್ತಾಯ ಮಾಡಿದ್ದರು: "ನಿಮ್ಮ ಕಾಲದ ಕತೆ ತೆಗೀಬೇಡಿ."

ಅವರ ಕಾಲದ ಕತೆ ಅಂದರೆ ನಮ್ಮ ಬಾಲ್ಯ. ಅದರಲ್ಲಿ ಎರಡು ಮುಖ್ಯ ಆಟ. ಒಂದು, ಕಲ್ಲು. ಹೆದ್ದಾರಿಯ ಕಿಲೋಮೀಟರ್ ಕಲ್ಲು. ಹಳದಿ ತಲೆ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ತಲೆ ಇದ್ದರೆ ರಾಜ್ಯದ್ದು. ಐದು ಕಿಲೋಮೀಟರಿಗೊಂದು ದೊಡ್ಡ ಕಲ್ಲು. ಭಾಷೆ ಒಂದರಿಂದ ಒಂದಕ್ಕೆ ಬದಲಾಗುತ್ತೆ: ಒಂದರಲ್ಲಿ ಕನ್ನಡ, ಮುಂದಿನದರಲ್ಲಿ ಹಿಂದಿ, ಅದರ ಮುಂದೆ ಇಂಗ್ಲಿಷ್. ಮೊದಲು ಓದಿದವರಿಗೆ ಪಾಯಿಂಟು. ನನ್ನ ತಮ್ಮ ಶಾಲೆಯಲ್ಲಿ ಹಿಂದಿ ಕಲಿಯುವ ಮೊದಲೇ "ಹಾಸನ" ಅಂತ ದೇವನಾಗರಿಯಲ್ಲಿ ಓದುತ್ತಿದ್ದ. ಎರಡು ಅಕ್ಷರ ಕಲಿತು ಇಡೀ ಭಾಷೆ ಗೆದ್ದವನ ಹಾಗೆ ಮೆರೆದ. ಅಜ್ಜ ಮಾತ್ರ ಸಾಯುವವರೆಗೂ ಅದಕ್ಕೆ ಮೈಲಿಗಲ್ಲು ಅಂತಲೇ ಅಂದರು. ದಶಮಾಂಶ ಅಳತೆಯ ಕಾನೂನು 1956ರಲ್ಲೇ ಬಂದಿತ್ತು. ಬಾಯಿಗೆ ಕಾನೂನು ತಟ್ಟೋದು ಕಷ್ಟ.

ಎರಡನೆಯದು ನಂಬರ್ ಪ್ಲೇಟು. ನನಗೆ ಗೊತ್ತಿರುವ ಆಟಗಳಲ್ಲೆಲ್ಲ ಇದರ ಚರಿತ್ರೆಯೇ ಸೊಗಸು.

ನಮ್ಮ ಅಂಬಾಸಿಡರಿನ ನಂಬರು ಸಿಎ ಅಂತ ಶುರುವಾಗುತ್ತಿತ್ತು. ಈಗಿನವರಿಗೆ ಹೇಳಿದರೆ ಚಾರ್ಟರ್ಡ್ ಅಕೌಂಟೆಂಟಾ ಅಂತಾರೆ. 1939ರ ಮೋಟಾರು ಕಾಯ್ದೆಯ ಕಾಲದಲ್ಲಿ ಮೂರು ಅಕ್ಷರ, ನಾಲ್ಕು ಅಂಕೆ. ಮೈಸೂರು ರಾಜ್ಯದ ಗಾಡಿಗಳಿಗೆ ಎಂವೈ ಅಂತ ಶುರು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಯ್ತು, ಆದರೂ ಎಂವೈ, ಎಂಇ, ಆಮೇಲೆ ಸಿಎ ಹೊತ್ತ ಗಾಡಿಗಳು ಓಡಾಡುತ್ತಲೇ ಇದ್ದವು. 1988ರ ಹೊಸ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂದಾಗ ದೇಶಕ್ಕೆಲ್ಲ ಒಂದೇ ಪದ್ಧತಿಯಾಯ್ತು: ರಾಜ್ಯಕ್ಕೆ ಎರಡಕ್ಷರ, ಆರ್‌ಟಿಒಗೆ ಎರಡಂಕಿ. ಹೀಗೆ ಬಂದದ್ದು ಕೆಎ. ಸರ್ಕಾರ ತನಗೆ ಗೊತ್ತಿಲ್ಲದೆ ಮಕ್ಕಳಿಗೆ ಒಂದು ಆಟ ಮಾಡಿಕೊಟ್ಟಿತು. 01ರಿಂದ 05ರವರೆಗೆ ಬೆಂಗಳೂರು, 06 ತುಮಕೂರು, 09 ಮೈಸೂರು, 11 ಮಂಡ್ಯ, 12 ಮಡಿಕೇರಿ, 13 ಹಾಸನ, 18 ಚಿಕ್ಕಮಗಳೂರು, 19 ಮಂಗಳೂರು, 20 ಉಡುಪಿ, 21 ಪುತ್ತೂರು. ಮಗ್ಗಿ ಬಾರದ ತಮ್ಮನಿಗೆ ಇದು ಬರುತ್ತಿತ್ತು. ಜಿಲ್ಲೆಗಳನ್ನು ನಾವು ಕಲಿತದ್ದು ಸಮಾಜಶಾಸ್ತ್ರದ ಪುಸ್ತಕದಿಂದಲ್ಲ, ಲಾರಿಗಳ ಹಿಂಭಾಗದಿಂದ. ಕೆಂಪು ಬಸ್ಸಿನ ನಂಬರಲ್ಲಿ ಎಫ್ ಇರುತ್ತೆ, ಸರ್ಕಾರಿ ಜೀಪಿನಲ್ಲಿ ಜಿ. ಐ ಮತ್ತು ಒ ಅಕ್ಷರ ಬಳಸೋದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಆಗುತ್ತೆ ಅಂತ. ಇದನ್ನು ಕಂಡುಹಿಡಿದ ದಿನ ನನಗೆ ನ್ಯೂಟನ್‌ಗೆ ಆದಷ್ಟೇ ಖುಷಿಯಾಗಿತ್ತು. ಮಿಲಿಟರಿ ಗಾಡಿಗೆ ಬಾಣದ ಗುರುತು, ಅದಕ್ಕೆ ಹತ್ತು ಪಾಯಿಂಟು.

ಇಂಥ ಆಟ ನಮ್ಮ ಮನೆಯದಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ವಾರೆಲ್ ಅನ್ನೋ ಹೆಡ್‌ಮಾಸ್ತರರು 1948ರಲ್ಲಿ ಐ-ಸ್ಪೈ ಅನ್ನೋ ಪುಟ್ಟ ಪುಸ್ತಕಗಳನ್ನು ತರಲು ಶುರುಮಾಡಿದರು. ರಸ್ತೆಬದಿಯಲ್ಲಿ ಇಂಥದ್ದು ಕಂಡರೆ ಇಷ್ಟು ಅಂಕ ಅಂತ. ಮಕ್ಕಳು ಲಕ್ಷಗಟ್ಟಲೆ ಕೊಂಡರು. ಕಿಟಕಿಯ ಹೊರಗಿರುವುದೇ ಆಟದ ಸಾಮಾನು ಅನ್ನೋದು ಅದರ ಗುಟ್ಟು. ಬ್ಯಾಟರಿ ಬೇಡ.

ಬ್ಯಾಟರಿಯ ಕತೆ ಬೇರೆ. 1979ರಲ್ಲಿ ಸೋನಿ ಕಂಪನಿಯ ವಾಕ್‌ಮನ್ ಬಂದಾಗ ಮೊದಲ ಬಾರಿಗೆ ಒಂದೇ ಕಾರಲ್ಲಿ ಇಬ್ಬರು ಬೇರೆಬೇರೆ ಹಾಡು ಕೇಳುವ ಸಾಧ್ಯತೆ ಹುಟ್ಟಿತು. ಕೆಎ ನಂಬರು ಬಂದ ಅದೇ 1989ರಲ್ಲಿ ಜಪಾನಿನಲ್ಲಿ ನಿಂಟೆಂಡೊದವರ ಗೇಮ್‌ಬಾಯ್ ಬಂತು. ಮಗುವಿನ ತಲೆ ಕಿಟಕಿಯಿಂದ ಮಡಿಲಿಗೆ ಬಗ್ಗಿದ್ದು ಅಲ್ಲಿಂದ ಅಂತ ನನ್ನ ಲೆಕ್ಕ. ಹೊಸ ಶತಮಾನದ ಹೊತ್ತಿಗೆ ಅಮೆರಿಕದ ಮಿನಿವ್ಯಾನುಗಳ ಚಾವಣಿಯಿಂದ ಟಿವಿ ಪರದೆ ಇಳಿಯತೊಡಗಿತು. 2010ರಲ್ಲಿ ಐಪ್ಯಾಡ್ ಬಂತು. ಅಲ್ಲಿಂದಾಚೆ ನಿಮಗೇ ಗೊತ್ತು.

ನಮ್ಮಲ್ಲಿ ನಡುವೆ ಕ್ಯಾಸೆಟ್ಟಿನ ಒಂದು ಚಿನ್ನದಂಥ ಕಾಲ ಇತ್ತು. ಅಪ್ಪ ಜೆ.ಸಿ. ರಸ್ತೆಯಲ್ಲಿ ಒಂದು ಸ್ಟೀರಿಯೊ ಹಾಕಿಸಿದ್ದರು. ಗುಂಡಿಗೆ ಬಿದ್ದಾಗಲೆಲ್ಲ ಹಾಡು ಉಗುಳು ನುಂಗುತ್ತಿತ್ತು. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ'ದ ಕ್ಯಾಸೆಟ್ಟು ಅಪ್ಪನಿಗೆ, ಭಾವಗೀತೆ ಅಮ್ಮನಿಗೆ, 1993ರ 'ಚಿನ್ನಾರಿ ಮುತ್ತ' ನಮಗೆ. ಒಬ್ಬರದ್ದು ಓಡುವಾಗ ಉಳಿದವರು ಸಹಿಸಿಕೊಳ್ಳಬೇಕು. ಲಂಚದ ಬಗೆಗಿನ ಚಾಟಿ ಮಾತುಗಳು ಅರ್ಥವಾಗದಿದ್ದರೂ ತಮ್ಮನಿಗೆ ಬಾಯಿಪಾಠ, ಊರಿಗೆ ಹೋಗಿ ಅಂಗಳದಲ್ಲಿ ನಿಂತು ಒಪ್ಪಿಸುತ್ತಿದ್ದ. ಟೇಪು ಸುತ್ತಿಕೊಂಡು ಕೈಕೊಟ್ಟರೆ ಅಂತ್ಯಾಕ್ಷರಿ. ಅದೇ ವರ್ಷ ಝೀ ಟಿವಿಯಲ್ಲಿ ಅನ್ನು ಕಪೂರ್ ಅಂತ್ಯಾಕ್ಷರಿ ಶುರುಮಾಡಿ ಆಟಕ್ಕೆ ಹೊಸ ಗತ್ತು ತಂದಿದ್ದ. ಕನ್ನಡದಲ್ಲಿ ಆಡೋದು ಹಿಂದಿಗಿಂತ ಕಷ್ಟ ಸ್ವಾಮಿ. ನಮ್ಮ ಹಾಡು 'ಳ'ದಲ್ಲಿ ಮುಗಿದರೆ ಏನು ಮಾಡ್ತೀರಿ? 'ಳ' ಬಂದರೆ 'ಲ', 'ಣ' ಬಂದರೆ 'ನ' ಅಂತ ಅಮ್ಮ ನಿಯಮ ಮಾಡಿದ್ದರು. ವ್ಯಾಕರಣ ಪಂಡಿತರು ಕ್ಷಮಿಸಲಿ.

ಸಕಲೇಶಪುರ ದಾಟಿದೆವು. ಘಾಟಿ ಶುರು. ಶಿರಾಡಿ ಈಗ ನಮ್ಮ ಕಾಲದ ಗುಂಡಿಗಳ ಶಿರಾಡಿಯಲ್ಲ. 2015ರಲ್ಲಿ, ಮತ್ತೆ 2018ರಲ್ಲಿ ತಿಂಗಳುಗಟ್ಟಲೆ ಬಂದ್ ಮಾಡಿ ಕಾಂಕ್ರೀಟ್ ಹಾಕಿದರು. ಆದರೆ ತಿರುವುಗಳು ಅವೇ. ನಾಲ್ಕನೆಯದೋ ಐದನೆಯದೋ ತಿರುವಿನಲ್ಲಿ ಮಗಳ ದನಿ ಬದಲಾಯ್ತು.

"ಅಮ್ಮಾ, ಒಂಥರಾ ಆಗ್ತಿದೆ."

ನಾನು ಜಾಗ ನೋಡಿ ನಿಲ್ಲಿಸುವಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಇಡ್ಲಿ, ಟ್ಯಾಬು, ಅಪ್ಪನ ಪಂಚೆ.

ಇದು ಯಾಕಾಗುತ್ತೆ ಅಂತ ಡಾಕ್ಟರುಗಳು ಸರಳವಾಗಿ ಹೇಳ್ತಾರೆ. ಒಳಕಿವಿ "ನಾವು ಓಲಾಡುತ್ತಿದ್ದೇವೆ" ಅಂತ ಮಿದುಳಿಗೆ ಹೇಳುತ್ತೆ. ಮಡಿಲಿನ ಪರದೆ ನೋಡುತ್ತಿರುವ ಕಣ್ಣು "ಇಲ್ಲ, ಎಲ್ಲ ನಿಂತಿದೆ" ಅನ್ನುತ್ತೆ. ಇಬ್ಬರ ಸಾಕ್ಷಿ ಹೊಂದದೆ ಹೊಟ್ಟೆ ಶಿಕ್ಷೆ ಅನುಭವಿಸುತ್ತೆ. ನಮಗೂ ಬಾಲಮಂಗಳ, ಟಿಂಕಲ್ ಓದುತ್ತಾ ಇದೇ ಘಾಟಿಯಲ್ಲಿ ಇದೇ ಗತಿಯಾಗಿತ್ತು. ದೂರ ನೋಡಿದರೆ ಕಣ್ಣು ಕಿವಿ ರಾಜಿಯಾಗುತ್ತವೆ. ಕಲ್ಲು ಎಣಿಸುವ, ನಂಬರು ಓದುವ ಆಟಗಳು ತಲೆಮಾರುಗಳ ಕಾಲ ಉಳಿದದ್ದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತೆ. ಹೊರಗೆ ನೋಡುವ ಮಗು ವಾಂತಿ ಮಾಡೋದು ಕಮ್ಮಿ.

ಗುಂಡ್ಯದಲ್ಲಿ ಹೋಟೆಲ್ ಮುಂದೆ ನಿಲ್ಲಿಸಿದೆ. ಅಮ್ಮ ಮಗಳನ್ನು ನಲ್ಲಿ ಹತ್ತಿರ ಕರೆದುಕೊಂಡು ಹೋದರು. ಅಪ್ಪ ಬೇರೆ ಪಂಚೆ ಉಟ್ಟು ಬಂದು, ಚಾ ಲೋಟ ಹಿಡಿದು ನನ್ನ ಪಕ್ಕ ನಿಂತರು. ನಾನು ಆಕಳಿಸಿದೆ. ಬೆಳಗ್ಗೆ ನಾಲ್ಕಕ್ಕೆ ಎದ್ದಿದ್ದು, ಅದರ ಹಿಂದಿನ ರಾತ್ರಿ ಆಫೀಸಿನ ಕಾಲ್ ಮುಗಿಯುವಾಗ ಹನ್ನೊಂದೂವರೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಪ್ಪ ಕೇಳಿದರು.

"ಪಾಳಿ ಆಟ ನೆನಪಿದೆಯಾ?"

ಇಲ್ಲದೆ ಏನು! ರಜೆ ಮುಗಿಸಿ ರಾತ್ರಿ ವಾಪಸ್ ಬರುವಾಗಿನ ಆಟ ಅದು. ಹಾಸನದಿಂದ ಚನ್ನರಾಯಪಟ್ಟಣದವರೆಗೆ ನನ್ನ ಪಾಳಿ, ಅಲ್ಲಿಂದ ಬೆಳ್ಳೂರು ಕ್ರಾಸ್‌ವರೆಗೆ ತಮ್ಮನದು, ಯಡಿಯೂರು ದಾಟಿ ಕುಣಿಗಲ್‌ವರೆಗೆ ಮತ್ತೆ ನನ್ನದು. ಪಾಳಿಯವರು ಅಪ್ಪನ ಬೆನ್ನ ಹಿಂದೆ ಕೂತು ಹಾಡಬೇಕು, ಇಲ್ಲಾ ಕತೆ ಹೇಳಬೇಕು, ಇಲ್ಲಾ ಅಪ್ಪನಿಗೆ ಒಗಟು ಹಾಕಬೇಕು. ನಿದ್ದೆ ಮಾಡಿದವರು ಸೋತರು. ನಾನು ಒಂದು ಸಲವೂ ಸೋತಿರಲಿಲ್ಲ. ಆ ಹೆಮ್ಮೆಯನ್ನು ಇವತ್ತಿಗೂ ಇಟ್ಟುಕೊಂಡಿದ್ದೆ.

"ಅದು ನಿಮಗೆ ಬೇಜಾರಾಗುತ್ತೆ ಅಂತ ಮಾಡಿದ್ದಲ್ಲ," ಅಂದರು. "ಒಂದು ಸಲ ಚನ್ನರಾಯಪಟ್ಟಣ ಬಿಟ್ಟು ಸ್ವಲ್ಪ ದೂರ, ಎರಡು ಗಂಟೆ ಇರಬೇಕು ರಾತ್ರಿ. ರಸ್ತೆ ನೇರ. ನಿನ್ನ ಅಮ್ಮ ಮಲಗಿದ್ದಳು, ನೀನೂ ಮಲಗಿದ್ದೆ. ತಮ್ಮ ಒಬ್ಬನೇ ಎದ್ದು ಏನೋ ಹಾಡ್ಕೋತಾ ಇದ್ದ. ಅದು ನಿಂತಿದ್ದು ಕೇಳಿ ಕಣ್ಣುಬಿಟ್ಟೆ. ಚಕ್ರ ಟಾರು ಬಿಟ್ಟು ಮಣ್ಣಿಗೆ ಇಳಿದಿತ್ತು. 'ಅಪ್ಪಾ, ಯಾಕೆ ರಸ್ತೆ ಬಿಟ್ವಿ?' ಅಂತ ಕೇಳ್ದ. ಮುಂದೆ ಮರ."

ನಾನು ಏನೂ ಹೇಳಲಿಲ್ಲ.

"ಮೂತ್ರಕ್ಕೆ ನಿಲ್ಲಿಸೋಕೆ ಅಂತ ಹೇಳ್ದೆ ಅವನಿಗೆ. ನಿಲ್ಲಿಸಿ, ಮುಖ ತೊಳ್ಕೊಂಡು, ಕೈ ನಡುಗೋದು ನಿಂತ ಮೇಲೆ ಹೊರಟ್ವಿ. ಆಮೇಲಿನ ವರ್ಷದಿಂದ ಪಾಳಿ ಆಟ."

"ಅಮ್ಮನಿಗೆ ಹೇಳಿದ್ರಾ?"

ಅಪ್ಪ ನಲ್ಲಿಯ ಕಡೆ ನೋಡಿ ತಲೆ ಆಡಿಸಿದರು. ಇಲ್ಲ ಅಂತ.

ಮೂವತ್ತು ವರ್ಷ ಆಗಿತ್ತು ಆ ಆಟಕ್ಕೆ. ಲಾರಿಗಳಲ್ಲಿ ಕ್ಲೀನರ್ ಅಂತ ಒಬ್ಬ ಹುಡುಗ ಇರ್ತಾನಲ್ಲ, ಗಾಜು ಒರೆಸುವುದು, ಚಕ್ರಕ್ಕೆ ಕಲ್ಲು ಕೊಡುವುದು ಅವನ ಕೆಲಸ ಅಂತ ನಾವು ಅಂದುಕೊಂಡಿರ್ತೀವಿ. ಅವನ ದೊಡ್ಡ ಕೆಲಸ ರಾತ್ರಿ ಡ್ರೈವರನ ಜೊತೆ ಮಾತಾಡೋದು. ನಾನೂ ತಮ್ಮನೂ ನಮ್ಮ ಅಪ್ಪನ ಕ್ಲೀನರ್‌ಗಳಾಗಿದ್ದೆವು. ನಮಗೆ ಗೊತ್ತಿರಲಿಲ್ಲ ಅಷ್ಟೇ. ನಿದ್ದೆಯಿಂದಾಗುವ ಅಪಘಾತಗಳು ಹೆಚ್ಚು ಆಗುವುದು ಮಧ್ಯರಾತ್ರಿ ಕಳೆದು ಬೆಳಗಿನ ಜಾವದವರೆಗೆ, ಮತ್ತೆ ಮಧ್ಯಾಹ್ನ ಊಟವಾದ ಮೇಲೆ. ದೇಹದ ಗಡಿಯಾರವೇ ಹಾಗೆ ಇದೆ. ಕಾರಿಗೆ ಎಷ್ಟೇ ಬುದ್ಧಿ ಬಂದಿದ್ದರೂ ಎತ್ತಿನಷ್ಟು ದಾರಿ ಗೊತ್ತಾಗಿಲ್ಲ ಅದಕ್ಕೆ.

ಕಾರಿನ ಆಟಗಳ ಚರಿತ್ರೆಯನ್ನು ನಾನು ಅಲ್ಲಿಯವರೆಗೆ ದೊಡ್ಡವರು ಮಕ್ಕಳಿಗೆ ಮಾಡಿದ ಉಪಕಾರ ಅಂತ ಓದುತ್ತಿದ್ದೆ. ಪರದೆ ಬಂದು ಆ ಉಪಕಾರವನ್ನು ಸುಲಭ ಮಾಡಿತು, ಅಷ್ಟೇ ಅಂತ. ಆದರೆ ಪಾಳಿ ಆಟದಲ್ಲಿ ಉಪಕಾರ ಹರಿಯುತ್ತಿದ್ದದ್ದು ಹಿಂದಿನ ಸೀಟಿನಿಂದ ಮುಂದಕ್ಕೆ. ಮಗುವಿನ ಕೈಗೆ ಟ್ಯಾಬ್ ಕೊಟ್ಟು ಹೆಡ್‌ಫೋನ್ ಹಾಕಿದ ಕಾರಲ್ಲಿ ಮೌನ ಸಿಗುತ್ತೆ, ನಿಜ. ಬೆಳಗಿನಿಂದ ನಾನು ಆ ಮೌನವನ್ನು ಸುಖವಾಗಿ ಅನುಭವಿಸಿದ್ದೆ. ಹಾಸನ ಬೈಪಾಸಿನಲ್ಲಿ ಎರಡು ಸಲ ನನ್ನ ರೆಪ್ಪೆ ಭಾರವಾಗಿದ್ದು ಚಾ ಕುಡಿಯುತ್ತಾ ನೆನಪಾಯ್ತು. ಅಪ್ಪ ಕನ್ನಡಿಯಲ್ಲಿ ನನ್ನ ಕಣ್ಣು ನೋಡುತ್ತಾ ಕೂತಿದ್ದರು ಅಂತ ಆಗ ಹೊಳೆಯಿತು. ಬ್ರೇಕ್ ಇಲ್ಲದ ಜಾಗದಲ್ಲಿ ಒತ್ತುತ್ತಿದ್ದ ಕಾಲು ಬರೀ ಹಳೇ ಅಭ್ಯಾಸವಲ್ಲ.

ಮಗಳು ಒದ್ದೆ ಮುಖ ಒರೆಸಿಕೊಂಡು ಬಂದಳು. ಟ್ಯಾಬನ್ನು ಅಮ್ಮ ತೊಳೆದಿದ್ದರು. ಹೌದು, ನಲ್ಲಿ ಕೆಳಗೆ ಹಿಡಿದು, ಸೋಪು ಹಾಕಿ. ಅದರ ಕತೆ ಅಲ್ಲಿಗೆ ಮುಗೀತು.

ಒಂದಷ್ಟು ಅಳು ಆಯ್ತು. ನೆಲ್ಯಾಡಿ ಬರುವಷ್ಟರಲ್ಲಿ ಅಳು ನಿಂತು, ಬಿಕ್ಕಳಿಕೆ ಮಾತ್ರ ಉಳಿದಿತ್ತು. ಅಪ್ಪ ಯಾರಿಗೋ ಹೇಳುವ ಹಾಗೆ ಕಿಟಕಿ ಕಡೆ ಮುಖ ಮಾಡಿ "ಹದಿಮೂರು, ಹಾಸನ" ಅಂದರು. ಎದುರಿಂದ ಬಂದ ಕಾರು ಕೆಎ 13. ಆಮೇಲೆ "ಹನ್ನೆರಡು, ಮಡಿಕೇರಿ". ಮೂರನೆಯದಕ್ಕೆ ಮಗಳು "ಹೇಗೆ ಗೊತ್ತಾಯ್ತು ಅಜ್ಜಾ?" ಅಂತ ಕೇಳಿಯೇಬಿಟ್ಟಳು.

ಉಪ್ಪಿನಂಗಡಿ ತಲುಪುವಷ್ಟರಲ್ಲಿ ಅವಳ ಬಾಯಲ್ಲಿ ಹತ್ತು ಊರು. ಹೊಸ ನಿಯಮಗಳನ್ನೂ ಅವಳೇ ಮಾಡಿದಳು. ಹಸಿರು ಪ್ಲೇಟು ಎಲೆಕ್ಟ್ರಿಕ್ ಗಾಡಿ, ಅದಕ್ಕೆ ಐದು. ಕಪ್ಪು ಪ್ಲೇಟಿಗೆ ಹಳದಿ ಅಕ್ಷರ ಇದ್ದರೆ ಬಾಡಿಗೆಗೆ ತಗೊಂಡು ತಾವೇ ಓಡಿಸುವ ಕಾರು, ಅದಕ್ಕೆ ಮೂರು. ಬಿಎಚ್ ಅಂತ ಒಂದು ಕಂಡಾಗ ಅಪ್ಪ ಬಿಹಾರ ಅಂದರು. ತಪ್ಪು. ಬಿಹಾರಕ್ಕೆ ಬಿಆರ್. ಬಿಎಚ್ ಅಂದರೆ ಭಾರತ್ ಸರಣಿ, 2021ರಲ್ಲಿ ಬಂದದ್ದು, ಕೆಲಸಕ್ಕಾಗಿ ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವವರಿಗೆ. ನಾನು ಮುಂದಿನ ಸೀಟಿನಿಂದ ತಿದ್ದಿದೆ, ನನಗೆ ಒಂದು ಪಾಯಿಂಟು ಕೊಟ್ಟರು. ಪುತ್ತೂರಿನ ಕಡೆ ರಸ್ತೆ ತಿರುಗುವಲ್ಲಿ ಅಪ್ಪ "ಇಲ್ಲೇ ಕಾರಂತರ ಬಾಲವನ ಇರೋದು, ಒಬ್ಬರೇ ಕೂತು ಮಕ್ಕಳಿಗೆ ವಿಶ್ವಕೋಶ ಬರೆದವರು" ಅಂದರು. "ಅವರ ಕಾರಿನ ನಂಬರ್ ಎಷ್ಟು?" ಅಂತ ಮಗಳು ಕೇಳಿದಳು. ಅಮ್ಮ ಕೋಡುಬಳೆ ಡಬ್ಬ ತೆರೆದರು. ನನಗೆ ನಿದ್ದೆ ಹಾರಿಹೋಗಿತ್ತು.

ಬಿ.ಸಿ. ರೋಡಿನ ಹತ್ತಿರ ಟ್ರಾಫಿಕ್ಕು ನಿಂತಿತು. ಬಂಟ್ವಾಳ ಪಂಜೆ ಮಂಗೇಶರಾಯರ ಊರು, ಮಕ್ಕಳ ಪದ್ಯ ಬರೆದವರು, ಅಂತ ಅಪ್ಪ ಶುರುಮಾಡಿದ್ದರು. ಅಷ್ಟರಲ್ಲಿ ಮುಂದಿನ ಆಟೋದ ನಂಬರನ್ನು ಮಗಳು ಬೆರಳಲ್ಲಿ ತೋರಿಸಿದಳು. ಕೆಎ 70.

"ಎಪ್ಪತ್ತು ಯಾವುದು ಅಜ್ಜಾ?"

ಅಪ್ಪ ಕನ್ನಡಕ ಸರಿಮಾಡಿಕೊಂಡರು. ಅವರ ಪಟ್ಟಿಯಲ್ಲಿ ಎಪ್ಪತ್ತು ಇರಲಿಲ್ಲ. ಅವರು ಕಲಿತ ಕಾಲದಲ್ಲಿ ಅಷ್ಟು ಆರ್‌ಟಿಒಗಳೇ ಇರಲಿಲ್ಲ. ಒಂದಷ್ಟು ಹೊತ್ತು ಯೋಚಿಸಿದರು. ಕನ್ನಡಿಯಲ್ಲಿ ನನ್ನ ಕಡೆ ನೋಡಿದರು. ನಾನು ಬಾಯಿ ಬಿಡಲಿಲ್ಲ.

"ಪಕ್ಕದ್ದೂ ಎಪ್ಪತ್ತು," ಅಂದಳು ಮಗಳು. "ಅದೂ ಎಪ್ಪತ್ತು. ಆ ಸ್ಕೂಟರೂ ಎಪ್ಪತ್ತು. ಎಲ್ಲಾ ಇಲ್ಲೇದು! ಇದೇ ಊರು ಅಜ್ಜಾ, ಈ ಊರಿನ ಹೆಸರೇನು?"

"ಬಂಟ್ವಾಳ," ಅಂದರು ಅಪ್ಪ.

"ಎಪ್ಪತ್ತು, ಬಂಟ್ವಾಳ," ಅಂತ ಅವಳು ಗಟ್ಟಿಯಾಗಿ ಹೇಳಿ, ಹತ್ತು ಪಾಯಿಂಟು ತನಗೇ ಕೊಟ್ಟುಕೊಂಡಳು. ಅಪ್ಪ ಮಾತಿಲ್ಲದೆ ಒಪ್ಪಿಕೊಂಡರು. ಮುಂದಿನ ಆಟೋ ಕದಲಿತು, ನಾನು ಗೇರು ಹಾಕಿದೆ.